ಹೊಸ್ತಿಲಾಚೆ ಹರಿಯಬೇಕಾದ ಕಾಗದ

ಶಿವಗಂಗಾಳಿಗೆ ಸಿಟ್ಟು ಬಂದರೆ ಮನೆ ಸ್ವಚ್ಛವಾಗುತ್ತದೆ. ಬೇರೆಯವರಿಗೆ ಸಿಟ್ಟು ಬಂದರೆ ಪಾತ್ರೆ ಬೀಳುತ್ತವೆ, ಬಾಗಿಲು ಬಡಿಯುತ್ತವೆ. ಇವಳು ಮಾತ್ರ ಸೆರಗು ಸಿಕ್ಕಿಸಿಕೊಂಡು ಯಾವುದಾದರೂ ಮೂಲೆ ಹಿಡಿದು ಜಾಡಿಸತೊಡಗುತ್ತಾಳೆ. ಆ ವರ್ಷ ಯುಗಾದಿಗೆ ಮುಂಚೆ ಸಿಟ್ಟು ಬಂದದ್ದು ಒರಲೆ ಹುಳುವಿನ ಮೇಲೆ. ಮಂಚದ ಕೆಳಗಿದ್ದ ಕಟ್ಟಿಗೆ ಪೆಟ್ಟಿಗೆಯಲ್ಲಿ ಮನೆಯ ಕಾಗದಗಳೆಲ್ಲ ಇದ್ದವು. ಗ್ಯಾಸಿನ ಹೆಸರು ಬದಲಿಸಲು ಹಳೆಯ ಮನೆಪಟ್ಟಿ ರಸೀದಿ ಬೇಕೆಂದು ತೆರೆದರೆ ಒಳಗೆ ಕಾಗದದ ಬದಲು ಮಣ್ಣಿನ ಗೂಡು. ರಸೀದಿಯ ಮೇಲಿನ ಮೊಹರೊಂದು ಉಳಿದಿತ್ತು, ಹುಳುವಿಗೂ ಅದು ರುಚಿಸಿರಲಿಕ್ಕಿಲ್ಲ.

ಅಂದೇ ತೀರ್ಮಾನವಾಯಿತು. ಇನ್ನು ಮುಂದೆ ಈ ಮನೆಯಲ್ಲಿ ಕಾಗದ ಇರಕೂಡದು, ಎಲ್ಲವೂ ಫೋನಿನಲ್ಲಿ. ಗಂಡ ಸಂಗಮೇಶ್ವರ ವಾಡಿ ಜಂಕ್ಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ದಿನವಿಡೀ ಚೀಟಿ ಅಂಟಿಸುವ ಮನುಷ್ಯನಿಗೆ ಮನೆಯಲ್ಲಾದರೂ ಚೀಟಿ ಇಲ್ಲದಿದ್ದರೆ ಸಾಕಾಗಿತ್ತು. ಹೂಂ ಅಂದು ಸ್ಕ್ಯಾನ್ ಮಾಡುವ ಆ್ಯಪ್ ಒಂದನ್ನು ಅವಳ ಫೋನಿಗೆ ಹಾಕಿಕೊಟ್ಟ.

ತಕರಾರು ಇದ್ದದ್ದು ಅತ್ತೆ ವಿಮಲಾಬಾಯಿಯದು. ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುವುದು ನಿಂತು ಎರಡು ವರ್ಷವಾಗಿತ್ತು. ಆದರೂ ಮನೆಯ ಕಾಗದಪತ್ರದ ಕಾರುಬಾರು ಆಕೆಯದೇ. ಆಕೆಯ ಲೆಕ್ಕದಲ್ಲಿ ಜಗತ್ತಿನ ಕಾಗದಗಳೆಲ್ಲ ಮೂರೇ ಜಾತಿ. ಬಿಲ್ಲು, ರಸೀದಿ ಬಂದರೆ ಅಡುಗೆಮನೆ ಬಾಗಿಲ ಹಿಂದಿನ ಕೊಕ್ಕೆ ತಂತಿಗೆ ಚುಚ್ಚಬೇಕು. ಅಂಚಿಗೆ ಅರಿಶಿಣ ಹಚ್ಚಿದ ಲಗ್ನದ ಕಾರ್ಡು ಬಂದರೆ ದೇವರ ಜಗುಲಿಗೆ ಇಡಬೇಕು. ಸಾವಿನ ಕಾರ್ಡು ಬಂದರೆ ಹೊಸ್ತಿಲು ದಾಟಿಸಕೂಡದು. ಹೊರಗೇ ನಿಂತು ಓದಿ, ಅಲ್ಲೇ ಹರಿದು, ಗಟಾರಕ್ಕೆ ಹಾಕಿ, ಕೈಕಾಲು ತೊಳೆದು ಒಳಗೆ ಬರಬೇಕು. ಶರಣರ ಮಂದಿಗೆ ಸೂತಕ ಇಲ್ಲವೆಂದು ಮಠದ ಅಯ್ಯನವರು ಎಷ್ಟು ಸಲ ಹೇಳಿದ್ದರೂ ವಿಮಲಾಬಾಯಿ ಆ ಮಾತಿಗೆ ಕೈಮುಗಿದು, ಮನೆಗೆ ಬಂದು ಕಾರ್ಡು ಹರಿಯುತ್ತಿದ್ದಳು.

"ಕಾಗದಕ್ಕೂ ಒಂದು ಜಾಗಾ ಅಂತ ಇರ್ತದವಾ. ಎಲ್ಲಾನೂ ಒಂದೇ ಡಬ್ಬ್ಯಾಗ ತುಂಬಬಾರ್ದು," ಅಂದಳು ಅತ್ತೆ.

"ಡಬ್ಬಿ ಅಲ್ರಿ ಅತ್ತೀ, ಬ್ಯಾರೆ ಬ್ಯಾರೆ ಫೋಲ್ಡರ್ ಮಾಡಾಕತ್ತೀನಿ. ನಿಮ್ಮ ತಂತಿಗಿಂತ ಪಾಡ ಅದ," ಅಂದಳು ಸೊಸೆ.

ನಾಲ್ಕು ಮಧ್ಯಾಹ್ನ ಕೆಲಸ ನಡೆಯಿತು. ಪಡಸಾಲೆಯ ಶಹಾಬಾದ ಕಲ್ಲಿನ ನೆಲದ ಮೇಲೆ ಒಂದೊಂದೇ ಕಾಗದ ಹರವಿ, ಮೇಲಿಂದ ಫೋನು ಹಿಡಿದು, ಟಕ್ ಅನ್ನಿಸುವುದು. ಕಪ್ಪು ಕಲ್ಲಿನ ಮೇಲೆ ಬಿಳಿ ಕಾಗದದ ಅಂಚು ಆ್ಯಪಿಗೆ ತಾನಾಗಿ ಸಿಗುತ್ತಿತ್ತು. ಅದರಲ್ಲೊಂದು ಕಪ್ಪು-ಬಿಳಿ ಗುಂಡಿ ಇತ್ತು. ಅದನ್ನು ಒತ್ತಿದರೆ ಎಣ್ಣೆಯ ಕಲೆ, ಅರಿಶಿಣ, ಮಡಿಕೆಯ ಗೆರೆ ಎಲ್ಲ ಮಾಯವಾಗಿ ಬರೀ ಅಕ್ಷರ ಉಳಿಯುತ್ತಿತ್ತು. ಶಿವಗಂಗಾಳಿಗೆ ಆ ಗುಂಡಿಯ ಮೇಲೆ ಪ್ರೀತಿಯೇ ಹುಟ್ಟಿತು. ಇಷ್ಟು ಸ್ವಚ್ಛ ಮಾಡುವ ಕಸಬರಿಗೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಐದನೆಯ ದಿನ ಫೋನಿನಲ್ಲಿ ಮೊದಲೇ ತೆಗೆದಿಟ್ಟ ಫೋಟೋಗಳ ಸರದಿ ಬಂತು. ಅತ್ತೆಗೆ ಕಣ್ಣು ಕಾಣದಾದ ಮೇಲೆ ಬಾಗಿಲಿಗೆ ಬಂದ ಕಾರ್ಡುಗಳನ್ನು ಇಸಿದುಕೊಂಡು ಓದಿ ಹೇಳುವವಳು ಇವಳೇ. ದಿನ, ಜಾಗ ಮರೆಯದಿರಲಿ ಎಂದು ಪ್ರತಿ ಕಾರ್ಡಿನದೂ ಒಂದು ಫೋಟೋ ಹೊಡೆದಿಟ್ಟುಕೊಳ್ಳುವುದು ರೂಢಿ. ಆಮೇಲೆ ಲಗ್ನದ್ದು ಜಗುಲಿಗೆ, ಸಾವಿನದು ಗಟಾರಕ್ಕೆ. ಆ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ ಆ್ಯಪಿಗೆ ಸಾಗಿಸಿ, ಗ್ಯಾಲರಿ ಖಾಲಿ ಮಾಡಿ, ಕಪ್ಪು-ಬಿಳಿ ಗುಂಡಿ ಒತ್ತಿದಳು. ಅರಿಶಿಣವೂ ಹೋಯಿತು, ಆ್ಯಪು ತಾನಾಗಿ ಅಂಚು ಕತ್ತರಿಸಿದ್ದರಿಂದ ಸಾವಿನ ಕಾರ್ಡಿನ ಸುತ್ತಲಿನ ಕರಿ ಪಟ್ಟಿಯೂ ಹೋಯಿತು. ಉಳಿದವೆಲ್ಲ ಒಂದೇ ತೆರನಾದ ಬಿಳಿ ಹಾಳೆ, ಕೊನೆಯಲ್ಲಿ ತಾವು ಆಗಮಿಸಬೇಕೆಂಬ ವಿನಂತಿ. ಒಂದೊಂದನ್ನೂ ತೆರೆದು ಓದುವ ವ್ಯವಧಾನ ಯಾರಿಗಿದೆ? ಅಷ್ಟನ್ನೂ ಒಂದು ಫೋಲ್ಡರಿಗೆ ತಳ್ಳಿ 'ಆಮಂತ್ರಣ' ಎಂದು ಹೆಸರಿಟ್ಟಳು. ಪೆಟ್ಟಿಗೆ ಅಂಗಳಕ್ಕೆ ಬಿತ್ತು, ತಂತಿ ಗುಜರಿಗೆ ಹೋಯಿತು.

ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಯಾರೋ ಕೆಮ್ಮಿದರು.

ವಾಡಿಯ ಬೇಸಿಗೆಯ ಬಿಸಿಲೆಂದರೆ ನಾಯಿ ಸಹ ಗಟಾರ ಬಿಟ್ಟು ಏಳದ ಬಿಸಿಲು. ಅತ್ತೆ ಒಳಗೆ ಮಲಗಿದ್ದಳು. ಶಿವಗಂಗಾ ಬಾಗಿಲು ತೆರೆದರೆ ಹೊರಗಿನ ಕಲ್ಲುಕಟ್ಟೆಯ ಮೇಲೆ ಮುದುಕನೊಬ್ಬ ಕೂತಿದ್ದ. ತಲೆಗೆ ಹಳದಿ ಪಟಗ, ಮಾಸಿದ ಧೋತರ, ಹಣೆಗೆ ದಪ್ಪ ವಿಭೂತಿ.

"ಸಂಗಮೇಶ ಇದ್ದಾನೇನವಾ?"

"ಡ್ಯೂಟಿಗೆ ಹೋಗ್ಯಾರ್ರಿ. ನೀವು ಯಾರಂತ ಗೊತ್ತಾಗ್ಲಿಲ್ಲ."

"ನಾ ಕುರಕುಂಟಾ ಜಗದೇವಪ್ಪ. ಸಂಗಮೇಶಗ ಕಾಕಾ ಆಗಬೇಕು. ನಿಮ್ಮ ಲಗ್ನಕ್ಕ ನಾ ಬರಲಿಲ್ಲ, ಹಿಂಗಾಗಿ ನೀ ನನ್ನ ನೋಡಿಲ್ಲ."

ಎಲ್ಲೋ ಕೇಳಿದ ಹೆಸರೆನಿಸಿತು, ಎಲ್ಲೆಂದು ನೆನಪಾಗಲಿಲ್ಲ. "ಭಾಳ ಬಿಸಲಾಗ ಬಂದೀರಿ. ಒಳಗ ಬರ್ರಿ, ಫ್ಯಾನಿನ ಕೆಳಗ ಕುಂದ್ರಿ."

"ಒಳಗ ಬರ್ಲಿಕ್ಕೆ ಆಗಂಗಿಲ್ಲವಾ. ಒಂದೀಟು ನೀರು ಕೊಡು."

ತುಂಬಿದ ಚರಿಗೆ ತಂದುಕೊಟ್ಟಳು. ಮುದುಕ ಕತ್ತೆತ್ತಿ ಗಟಗಟ ಕುಡಿದ. ಗಂಟಲಿನ ಗೋಲಿ ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಕುಡಿದು, ಬಾಯಿ ಒರೆಸಿಕೊಂಡು, "ನಿಮ್ಮ ಮನ್ಯಾಗ ನನ್ನ ಕಾಗದ ಅದ ಅಂತ. ಅದಕ್ಕ ಬಂದೀನಿ," ಅಂದ.

ಹೊಲದ ಪಹಣಿಯೋ, ಪಿಂಚಣಿಯದೋ ಇರಬೇಕೆಂದುಕೊಂಡಳು ಇವಳು. "ಈಗ ನಮ್ಮನ್ಯಾಗ ಕಾಗದ ಇಲ್ರಿ ಕಾಕಾ, ಎಲ್ಲಾ ಫೋನಿನಾಗ ಅವ. ನಿಮ್ಮ ನಂಬರ್ ಕೊಡ್ರಿ, ಕಳಸ್ತೀನಿ," ಅಂದಳು ಹೆಮ್ಮೆಯಿಂದ.

"ನನಗ ಕಳಸೋದು ಬ್ಯಾಡವಾ," ಅಂದ ಮುದುಕ. "ಹರದ ಬಿಡು. ನಡದು ನಡದು ಸಾಕಾಗ್ಯದ."

ಎದ್ದು ಹೊರಟ. ಚರಿಗೆ ತೆಗೆದುಕೊಳ್ಳಲು ಬಗ್ಗಿದಳು. ಕೈ ಜಗ್ಗಿತು. ನೀರು ಕೊರಳಿನವರೆಗೆ ಹಾಗೇ ಇತ್ತು. ವಾಡಿಯಲ್ಲಿ ಮುಂಜಾನೆ ಗುಡಿಸಿದ ಕಟ್ಟೆಯ ಮೇಲೆ ಮಧ್ಯಾಹ್ನದ ಹೊತ್ತಿಗೆ ಸಿಮೆಂಟ್ ಕಾರ್ಖಾನೆಯ ಬೂದಿಪುಡಿ ಕೂತಿರುತ್ತದೆ. ಬೆಕ್ಕು ನಡೆದರೂ ಹೆಜ್ಜೆ ಮೂಡುತ್ತದೆ. ಮುದುಕ ಕೂತಿದ್ದ ಜಾಗದಲ್ಲಿ ಆ ಪುಡಿ ಒಂದಿಷ್ಟೂ ಕದಲಿರಲಿಲ್ಲ. ಇವಳು ಓಣಿಯ ಆ ತುದಿ ಈ ತುದಿ ನೋಡಿದಳು. ಯಾರೂ ಇಲ್ಲ. ಬಿಸಿಲಿಗೆ ತಲೆ ತಿರುಗಿದ್ದಿರಬೇಕೆಂದು ತನಗೆ ತಾನೇ ಹೇಳಿಕೊಂಡು ಒಳಗೆ ಬಂದಳು.

ಸಂಜೆ ಗಂಡನಿಗೆ ಚಹಾ ಕೊಡುತ್ತ, "ಕುರಕುಂಟಾ ಜಗದೇವಪ್ಪ ಕಾಕಾ ಬಂದಿದ್ರು," ಅಂದಳು.

ಸಂಗಮೇಶ್ವರ ಬಾಯಿಗಿಟ್ಟ ಬಟ್ಟಲನ್ನು ಕೆಳಗಿಳಿಸಿದ. "ಯಾವ ಜಗದೇವಪ್ಪ? ಕಾರ್ತಿಕದಾಗ ತೀರಿಕೊಂಡ್ರಲ್ಲ. ನಾನೇ ಮಣ್ಣಿಗೆ ಹೋಗಿದ್ದೆ. ಯಾರೋ ಹೆಸರು ಹೇಳಿ ಮೋಸ ಮಾಡಾಕ ಬಂದಿರ್ಬೇಕು. ಇನ್ನ ಬಾಗಿಲ ತೆಗೀಬ್ಯಾಡ."

ತೆಗೆಯಬಾರದೆಂದೇ ಮರುದಿನ ಚಿಲಕ ಹಾಕಿ ಕಿಟಕಿಯ ಹಿಂದೆ ನಿಂತಳು. ಅದೇ ಹೊತ್ತಿಗೆ ಜಗದೇವಪ್ಪ ಬಂದ. ಈ ಸಲ ಒಬ್ಬನೇ ಅಲ್ಲ. ಬಿಳಿ ಸೀರೆಯ, ಎತ್ತರದ ನಿಲುವಿನ ಹೆಂಗಸೊಬ್ಬಳು ಅವನ ಪಕ್ಕದಲ್ಲಿ ಬಂದು ಕೂತಳು. ಅವಳನ್ನು ಇವಳು ಬಲ್ಲಳು. ಶಹಾಬಾದದ ಲಾಲಮ್ಮ, ಗಂಡನ ಜೊತೆ ಕೆಲಸ ಮಾಡುವ ರಾಜರತ್ನನ ತಾಯಿ. ಸಂಕ್ರಾಂತಿ ಕಳೆದು ತೀರಿಕೊಂಡಿದ್ದಳು. ಬುದ್ಧನ ಚಿತ್ರವಿದ್ದ ಅವಳ ಪುಣ್ಯಾನುಮೋದನೆಯ ಕಾರ್ಡನ್ನು ಇದೇ ಬಾಗಿಲಲ್ಲಿ ಇವಳೇ ಓದಿದ್ದಳು. ಶಿವಗಂಗಾ ಕಿಟಕಿ ಬಿಟ್ಟು ಗೋಡೆಯ ಮರೆಗೆ ಸರಿದಳು.

ಲಾಲಮ್ಮ ಕಿಟಕಿಯ ಕಡೆಗೇ ತಿರುಗಿ ನೋಡಿದಳು. "ಹೆದರಬ್ಯಾಡವಾ, ನಾವು ಏನೂ ಮಾಡಂಗಿಲ್ಲ. ನಾ ಬದುಕಿದ್ದಾಗ ಇಂಥವೆಲ್ಲ ನಂಬಾಕಿ ಅಲ್ಲ, ಬೇಕಾದ್ರ ರಾಜರತ್ನನ್ನ ಕೇಳು. ಖರೇ ಏನ್ ಮಾಡೋದು, ನಿಮ್ಮನಿ ಕಾಗದ ಜಗ್ಗಾಕತ್ಯದ. ದಿನಾ ಹೊತ್ತು ನೆತ್ತಿಗೆ ಬಂತಂದ್ರ ಕಾಲು ತಾವೇ ಈ ಕಡಿ ಹೊಳ್ಳತಾವ."

ಆಮೇಲೆ ಹಾದಿಯ ಕಡೆ ಕೈಮಾಡಿ, "ನನ್ನ ಹಿಂದ ಇನ್ನೊಬ್ಬಾಕಿ ಬರಾಕತ್ಯಾಳ. ಗುಂಡಗುರ್ತಿ ಕಡಿಯಾಕಿ. ಮೊಣಕಾಲು ನೋವು ಅಂತ, ಸಾವಕಾಶ ನಡೀತಾಳ. ಇಂದಲ್ಲ ನಾಳಿ ಮುಟ್ತಾಳ," ಅಂದಳು.

ಗುಂಡಗುರ್ತಿ ಶಿವಗಂಗಾಳ ತವರೂರು. ಮೊಣಕಾಲು ನೋವು ಅವಳ ಅವ್ವನಿಗೆ. ಅವ್ವ ಬಸವೇಶ್ವರಿ ಹೋಗಿ ಎರಡು ತಿಂಗಳೂ ತುಂಬಿರಲಿಲ್ಲ.

ಅವ್ವ ಹೋದ ದಿನದ ಸುದ್ದಿಯನ್ನು ಶಿವಗಂಗಾ ಯಾರ ಮುಂದೆಯೂ ಎತ್ತುತ್ತಿರಲಿಲ್ಲ. ಫೋನು ಬಂದೊಡನೆ ಉಟ್ಟ ಸೀರೆಯಲ್ಲೇ ಹೊರಟಿದ್ದಳು. ಚಿತ್ತಾಪುರ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು, ಅಣ್ಣ ಅಣವೀರನ ಫೋನು ಹತ್ತಲಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಅವಸರ ಮಾಡಿದರು. ಇವಳು ಟ್ರ್ಯಾಕ್ಟರ್ ಹತ್ತಿ ಊರು ಮುಟ್ಟಿ ಹೊಲಕ್ಕೆ ಓಡಿದಾಗ ಸಮಾಧಿಯ ಮಣ್ಣನ್ನು ಸಲಿಕೆಯಿಂದ ತಟ್ಟಿ ಸಮ ಮಾಡುತ್ತಿದ್ದರು. ಕೊನೆಯ ಮುಖ ನೋಡಲಾಗಲಿಲ್ಲ. ಮುಂದೆ ಅಣ್ಣ ಎಲ್ಲರಿಗೂ ಕಳಿಸಿದ ಶಿವಗಣಾರಾಧನೆಯ ಕಾರ್ಡು ಅಂಚೆಯಲ್ಲಿ ಇವಳ ಬಾಗಿಲಿಗೂ ಬಂತು. ಓದಲಿಲ್ಲ, ಅಳಲೂ ಇಲ್ಲ. ಕೈ ತನ್ನ ರೂಢಿಯಂತೆ ಫೋಟೋ ಹೊಡೆಯಿತು, ತನ್ನ ರೂಢಿಯಂತೆ ಹರಿದು ಚೆಲ್ಲಿತು.

ಹೊರಗಿನ ಇಬ್ಬರೂ ಹೋದ ಮೇಲೆ ಅತ್ತೆಯನ್ನು ಎಬ್ಬಿಸಿ ಎಲ್ಲವನ್ನೂ ಹೇಳಿದಳು. ಅವ್ವನ ಸುದ್ದಿಯೊಂದನ್ನು ಬಿಟ್ಟು. ವಿಮಲಾಬಾಯಿ ನಗಲಿಲ್ಲ, ಗದರಲೂ ಇಲ್ಲ. ಎದ್ದು ಕೂತು ಕೇಳಿದಳು.

"ಕಾರ್ಡ್ ಹರದಿದ್ದಿಲ್ಲೇನ?"

"ಹರದೀನ್ರಿ. ನಿಮ್ಮ ಮುಂದನ ಹರದೀನಿ."

"ಮತ್ತ ಅವರ್ಯಾಕ ಬರ್ತಾರ?"

ಶಿವಗಂಗಾ ಫೋನು ತೆಗೆದಳು. 'ಆಮಂತ್ರಣ' ತೆರೆದಳು. ಮೇಲಿನಿಂದ ಒಂದೊಂದೇ ಮನಸ್ಸಿನಲ್ಲೇ ಓದುತ್ತ ಹೋದಂತೆ ಲಗ್ನ, ಗೃಹಪ್ರವೇಶ, ಸೀಮಂತದ ಕುಬಸದ ನಡುವೆ ಜಗದೇವಪ್ಪ ಸಿಕ್ಕ. ಅವನ ಕೆಳಗೆ ಲಾಲಮ್ಮ. ಅವಳ ಕೆಳಗೆ ಮಾತೋಶ್ರೀ ಬಸವೇಶ್ವರಿ ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುವ ಹಾಳೆ. ಕರಿ ಪಟ್ಟಿ ಇಲ್ಲ. ಮದುವೆ ಕಾರ್ಡಿನಷ್ಟೇ ಬೆಳ್ಳಗೆ, ನಿಚ್ಚಳವಾಗಿ ಇತ್ತು. 'ಆಮಂತ್ರಣ'ದಲ್ಲಿ ಮೊದಲಿನ ಇಬ್ಬರ ಕಾರ್ಡು ಇವೆಯೆಂದಷ್ಟೇ ಅತ್ತೆಗೆ ಹೇಳಿದಳು.

"ಫೋನಿನಾಗ ಇಟ್ಟೀಯೇನ?" ಅಂದಳು ಅತ್ತೆ. "ಹುಚ್ಚಿ! ಹೊಸ್ತಿಲಾಚೆ ಬಿಡೋದನ್ನ ಮನಿಯೊಳಗ ತಂದು, ಉಡ್ಯಾಗ ಕಟ್ಟಿಕೊಂಡು ತಿರಗ್ಯಾಡಿದಿ. ಹರದ್ರ ಅವರ ಹಾದಿ ಅವರಿಗೆ ಬಿಟ್ಟಂಗ. ಹರೀಲಾರದ ಆಮಂತ್ರಣ ಅಂತ ಇಟ್ರ, ಕಾದು ಕುಂತೀವಿ, ಬರ್ರಿ ಅಂದಂಗ. ಸತ್ತವರು ಕರದ ಮನಿಗೆ ಬರಲಾರದೆ ಇರಂಗಿಲ್ಲ. ತಗದಹಾಕು. ಒಂದೂ ಬಿಡಬ್ಯಾಡ."

ಶಿವಗಂಗಾ ಜಗದೇವಪ್ಪನ ಹಾಳೆ ಒತ್ತಿ ಹಿಡಿದು ಅಳಿಸಿದಳು. ಲಾಲಮ್ಮನದನ್ನು ಅಳಿಸಿದಳು. ಮೂರನೆಯದರ ಮೇಲೆ ಬೆರಳು ಬಂದು ನಿಂತಿತು. ಅತ್ತೆಗೆ ಕಣ್ಣು ಕಾಣುವುದಿಲ್ಲ. ಆ ಗಳಿಗೆಯಲ್ಲಿ ಅದಕ್ಕಾಗಿ ಅವಳಿಗೆ ಖುಷಿಯಾಯಿತು, ಮುಚ್ಚಿಡಬಾರದ ಮಾತಿದು.

"ಎಲ್ಲಾ ತಗದೀನ್ರಿ ಅತ್ತೀ," ಅಂದಳು.

ಮರುದಿನವೂ ಅವರಿಬ್ಬರೂ ಬಂದು ಕೂತರು. ಕಂಗಾಲಾಗಿ ಆ್ಯಪನ್ನೆಲ್ಲ ತಡಕಾಡಿದಾಗ ತಿಳಿಯಿತು, ಅಳಿಸಿದ್ದು ಕೂಡಲೇ ಅಳಿಯುವುದಿಲ್ಲ. ಕಸದ ಬುಟ್ಟಿ ಎಂಬಲ್ಲಿ ಒಂದು ತಿಂಗಳು ಇರುತ್ತದೆ. ಹರಿಯುವ ಕೈಗೆ ಇಲ್ಲದ ಅನುಮಾನ ಈ ಯಂತ್ರಕ್ಕೆ. ಬುಟ್ಟಿಯೊಳಗೆ ಹೋಗಿ ಜಗದೇವಪ್ಪನ ಹೆಸರು ಒತ್ತಿದರೆ 'ಶಾಶ್ವತವಾಗಿ ಅಳಿಸಬೇಕೇ?' ಎಂದು ಕೇಳಿತು. ಹೌದು ಅಂದಳು. ಕಿಟಕಿಯಿಂದ ನೋಡುತ್ತಿದ್ದಂತೆಯೇ ಮುದುಕ ಪಟಗ ಸರಿಮಾಡಿಕೊಂಡು, ದೊಡ್ಡ ಹೊರೆ ಇಳಿಸಿದವನಂತೆ ಉಸಿರು ಬಿಟ್ಟು ಎದ್ದ. ಕಟ್ಟೆ ಇಳಿಯುವುದರೊಳಗೆ ಇರಲಿಲ್ಲ. ಲಾಲಮ್ಮ ಕೈಮುಗಿದು, "ಜೈಭೀಮ್, ಯವ್ವಾ. ಚಲೋ ಮಾಡಿದಿ," ಅಂದಳು. ಅವಳೂ ಹೋದಳು.

ಓಣಿ ಖಾಲಿಯಾಯಿತು. ದೂರದಲ್ಲಿ ಗೂಡ್ಸ್ ಗಾಡಿಯೊಂದು ಶಂಟಿಂಗ್ ಮಾಡುವ ಸದ್ದು. ಹಾದಿಯ ತಿರುವಿನಲ್ಲಿ, ಬಿಸಿಲ ಝಳದೊಳಗಿಂದ, ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬಳು ಮೊಣಕಾಲು ಹಿಡಿದುಕೊಳ್ಳುತ್ತ ಬರುತ್ತಿದ್ದಳು.

ಶಿವಗಂಗಾ ಚಿಲಕ ತೆಗೆದು ಬರಿಗಾಲಲ್ಲಿ ಓಡಿದಳು. ಕಾದ ನೆಲ ಅಂಗಾಲು ಸುಟ್ಟದ್ದು ಗೊತ್ತಾಗಲಿಲ್ಲ. ಹತ್ತಿರ ಹೋಗಿ ನಿಂತರೆ ಅವ್ವನೇ. ಬಲಗೆನ್ನೆಯ ಮಚ್ಚೆ, ಬಾಚಿ ಹಿಂದಕ್ಕೆ ಬಿಗಿದ ಅದೇ ನರೆಗೂದಲು. ಭಯ ಎಲ್ಲಿ ಹೋಯಿತೋ. ತಬ್ಬಿಕೊಳ್ಳಲು ಕೈ ಚಾಚಿದಳು, ಕೈಗೆ ಬಿಸಿಗಾಳಿಯಷ್ಟೇ ಸಿಕ್ಕಿತು.

"ಗಂಗೂ," ಅಂದಳು ಅವ್ವ. "ಭಾಳ ಸೊರಗೀಯಲ್ಲವಾ."

ಕಟ್ಟೆಯ ಮೇಲೆ ಕೂಡಿಸಿ, ನೀರಿಟ್ಟು, ಎದುರಿಗೆ ನೆಲದ ಮೇಲೆ ಕೂತು, ಆ ಮುಖವನ್ನು ಕಣ್ಣು ತುಂಬ ನೋಡಿದಳು. ಅಂದು ನೋಡಲಾಗದ್ದನ್ನೆಲ್ಲ ಇಂದೇ ನೋಡಿ ಮುಗಿಸುವವಳಂತೆ ನೋಡಿದಳು. ಅವ್ವ ತವರಿನ ಎಮ್ಮೆಯ ಸುದ್ದಿ ಕೇಳಿದಳು, ಅಳಿಯನ ಡ್ಯೂಟಿ ಕೇಳಿದಳು. ಹೊತ್ತು ವಾಲುತ್ತಲೇ ಎದ್ದು ಹೋದಳು. ನಾಳೆ ಬರ್ತೀಯೇನು ಅಂದರೆ, "ಬರದೆ ಏನು ಮಾಡ್ಲಿ?" ಅಂದಳು. ಅದು ಪ್ರೀತಿಯ ಮಾತೆಂದು ಮಗಳು ತಿಳಿದಳು.

ಹೀಗೆ ದಿನಾ ನಡೆಯಿತು. ಶಿವಗಂಗಾ ಮುಂಜಾನೆಯೇ ಅಡುಗೆ ಮುಗಿಸಿ, ತಲೆ ಬಾಚಿ, ಬಾಗಿಲಲ್ಲಿ ಕಾಯುತ್ತಿದ್ದಳು. ಅವ್ವನಿಗೆ ಸೇರುತ್ತಿದ್ದ ಮಾದಲಿ ಮಾಡಿ ಕಟ್ಟೆಯ ಮೇಲಿಡುತ್ತಿದ್ದಳು. ಅವ್ವ ತಿನ್ನುತ್ತಿದ್ದಳು, ತಟ್ಟೆ ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು. ಸಂಗಮೇಶ್ವರನಿಗೆ ಹೆಂಡತಿ ಇದ್ದಕ್ಕಿದ್ದಂತೆ ಗೆಲುವಾದದ್ದು ಕಂಡು ಸಮಾಧಾನವೇ ಆಯಿತು. ಗಂಡಸರಿಗೆ ಎಷ್ಟು ಬೇಗ ಸಮಾಧಾನವಾಗುತ್ತದೆ ಎಂಬುದನ್ನು ಬರೆಯಹೊರಟರೆ ಅದೇ ಬೇರೆ ಕತೆಯಾದೀತು.

ಅವ್ವನಲ್ಲಿ ಏನೋ ಕಡಿಮೆಯಾಗುತ್ತಿತ್ತು. ಮೊದಲು ಇವಳು ಅದನ್ನು ಕಾಣಲೊಲ್ಲದೆ ಹೋದಳು. ಮೂರನೆಯ ದಿನವೋ ನಾಲ್ಕನೆಯ ದಿನವೋ ಸೀರೆಯ ಹಸಿರು ಬೂದಿಬಣ್ಣಕ್ಕೆ ತಿರುಗಿತ್ತು. ಮರುದಿನ ಕೆನ್ನೆಯ ಮಚ್ಚೆ ಕಾಣಲಿಲ್ಲ. ಮುಖದ ನಿರಿಗೆಗಳು ಒಂದೊಂದಾಗಿ ಅಳಿದು ಮುಖ ಬಿಳುಪಾಗುತ್ತ, ನುಣುಪಾಗುತ್ತ ಬಂತು. ಕಣ್ಣು ಮೂಗು ಮಾತ್ರ ಕಪ್ಪು ಗೆರೆಯಂತೆ ಉಳಿದವು. ಪಾದ ಬಿರಿದು, ಬಿರುಕಿನಲ್ಲಿ ಹೊಲದ ಕರಿಮಣ್ಣು ತುಂಬಿತ್ತು. ಗಂಗೂ ಅನ್ನುವುದು ನಿಂತಿತು. ಸುಮ್ಮನೆ ಯವ್ವಾ ಅನ್ನುತ್ತಿದ್ದಳು, ಯಾರಿಗಾದರೂ ಅನ್ನುವ ಹಾಗೆ.

ಒಂದು ಮಧ್ಯಾಹ್ನ ಅವ್ವ ಹೋದ ಮೇಲೆ ಇವಳು ತಿರುಗಿ ನೋಡಿದರೆ ಹೊಸ್ತಿಲ ಒಳಗೆ ಅತ್ತೆ ಗೋಡೆ ಹಿಡಿದು ನಿಂತಿದ್ದಳು.

"ದಿನಾ ಯಾರ ಜೊತಿ ಮಾತಾಡ್ತಿ?"

"ಯಾರಿಲ್ರಿ."

"ಕಣ್ಣು ಹೋಗ್ಯಾವ, ಮೂಗು ಹೋಗಿಲ್ಲ. ವಾರದಿಂದ ಈ ಬಾಗಿಲಾಗ ಹಸಿಮಣ್ಣು ವಾಸನಿ ಬರಾಕತ್ಯದ. ನಿಮ್ಮವ್ವ ಹೌದಿಲ್ಲೋ?"

ಶಿವಗಂಗಾ ಕುಸಿದು ಕೂತು ಅತ್ತಳು. ಮಣ್ಣಿನ ದಿನ ಬಾರದಿದ್ದ ಅಳು, ಕಾರ್ಡು ಹರಿದಾಗ ಬಾರದಿದ್ದ ಅಳು, ಎಲ್ಲ ಸೇರಿ ಬಂತು. "ಮಾರಿ ನೋಡಿರ್ಲಿಲ್ರಿ ಅತ್ತೀ. ಎಲ್ಲರೂ ನೋಡ್ಯಾರ, ನಾ ಒಬ್ಬಾಕಿನೇ ನೋಡಿರ್ಲಿಲ್ಲ. ನಾ ಏನ್ ಕೇಳ್ದೆ? ದಿನಕ್ಕ ಒಂದು ಗಳಿಗಿ."

ವಿಮಲಾಬಾಯಿ ತಡಕಾಡಿ ಸೊಸೆಯ ತಲೆಯ ಮೇಲೆ ಕೈಯಿಟ್ಟಳು. ಬೈಯಲಿಲ್ಲ. "ನೀ ಒಂದು ಗಳಿಗಿ ನೋಡ್ತಿ. ಅಕಿ ಮಾತ್ರ ದಿನಾ ಗುಂಡಗುರ್ತಿಯಿಂದ ನಡೀಬೇಕಲ್ಲವಾ, ಆ ಮೊಣಕಾಲು ತಗೊಂಡು. ಎಷ್ಟು ದಿನ ನಡಸ್ತಿ?" ಅಂದಳು.

ಆ ರಾತ್ರಿ ಅವಳು ಅಳಿಸಲಿಲ್ಲ. ನಾಳೆ ಒಂದು ಸಲ ಹೇಳಿ ಕಳಿಸುತ್ತೇನೆ, ಹೇಳದೆ ಹೇಗೆ ಕಳಿಸುವುದು ಅಂದುಕೊಂಡಳು. ಕೈಬಿಡಲು ಮನಸ್ಸಿಲ್ಲದವರಿಗೆ ನಾಳೆ ಎಂಬುದು ಯಾವಾಗಲೂ ಸಿಗುತ್ತದೆ.

ನಾಳೆ ಅವ್ವ ಬಹಳ ತಡವಾಗಿ ಬಂದಳು. ನಡೆಯುತ್ತಿರಲಿಲ್ಲ, ಕಾಲೆಳೆಯುತ್ತಿದ್ದಳು. ಕಟ್ಟೆಯ ಬಳಿ ನಿಂತು, ಕೂಡುವ ಮುಂಚೆ ಸಂಕೋಚದಿಂದ ಸೆರಗು ಹೊದ್ದುಕೊಂಡಳು. ಪರಕೀಯರ ಮನೆಯ ಮುಂದೆ ಹೆಂಗಸರು ಹೊದ್ದುಕೊಳ್ಳುತ್ತಾರಲ್ಲ, ಹಾಗೆ.

"ಕುಂದ್ರಲೇನ್ರಿ ಇಲ್ಲಿ?" ಅಂದಳು.

ಶಿವಗಂಗಾ ಎದ್ದು ಎದುರಿಗೆ ಬಂದು ನಿಂತಳು. "ಅವ್ವಾ, ನಾನು. ಗಂಗೂ."

ಅವ್ವ ಅವಳ ಮುಖವನ್ನು ಮತ್ತೆ ಮತ್ತೆ ನೋಡಿದಳು. ನಕ್ಕಳು. ಮರೆತದ್ದನ್ನು ಮುಚ್ಚಿಕೊಳ್ಳುವವರ ನಗೆ ಅದು.

"ನನ್ನ ಮಗಳ ಹೆಸರೂ ಅದೇ ನೋಡ್ರಿ," ಅಂದಳು. "ನಿಮ್ಮ ಮನ್ಯಾಗ ನನ್ನ ಕಾಗದ ಅದ ಅಂತ. ದಿನಾ ಇಲ್ಲಿಗೇ ಜಗ್ಗಾಕತ್ಯದ. ಕೈಮುಗಿತೀನಿ, ಹರದ ಬಿಡ್ರಿ. ನನಗ ಮಗಳ ಮನಿಗೆ ಹೋಗೋದು ಅದ."

"ಮಗಳ ಮನಿ ಎಲ್ಲದ?" ಅಂದಳು ಶಿವಗಂಗಾ.

"ಇಲ್ಲೇ ವಾಡ್ಯಾಗ. ನಾ ಹೋದಾಗ ಅಕಿ ಬಸ್ಸು ಕೆಟ್ಟು ಹಾದ್ಯಾಗ ಉಳಿದ್ಳು, ನನ್ನ ಮಾರಿ ನೋಡ್ಲಿಲ್ಲ. ಮನಸಿಗೆ ಹಚ್ಚಿಕೊಂಡು ಕುಂತಿರ್ತಾಳ ಹುಚ್ಚು ಹುಡುಗಿ. ಒಂದ್ಸಲ ಹೋಗಿ ಮಾರಿ ತೋರಿಸಿ, ಅಳಬ್ಯಾಡ ಅಂತ ಹೇಳಿ ಹೋಗಬೇಕು. ಹೊರಟ್ರ ಅರ್ಧ ಹಾದ್ಯಾಗ ಈ ಕಾಗದ ಹಿಡಿದು ಇಲ್ಲಿಗೆ ಹೊಳ್ಳಸ್ತದ."

ಒಳಗೆ ಅತ್ತೆ ಕೆಮ್ಮಿದ್ದು ಕೇಳಿತು. ಶಿವಗಂಗಾ ಫೋನು ತೆಗೆದು 'ಆಮಂತ್ರಣ'ದೊಳಗಿನ ಆ ಹಾಳೆಯನ್ನು ಒತ್ತಿ ಹಿಡಿದು ಅಳಿಸಿದಳು. ಬುಟ್ಟಿ ತೆರೆದಳು. ಅಲ್ಲಿ ಅವ್ವನ ಹೆಸರೊಂದೇ ಇತ್ತು. ಇಲ್ಲೇ ಬಿಟ್ಟರೂ ಇನ್ನೊಂದು ತಿಂಗಳು ಬರುತ್ತಾಳೆ, ಪ್ರತಿ ಮಧ್ಯಾಹ್ನ ಬರುತ್ತಾಳೆ. ಅವ್ವನ ಕಣ್ಣುಗಳ ಗೆರೆ ಆಗಲೇ ಮಸುಕಾಗಿತ್ತು. ಆ ಮಸುಕು ಕಣ್ಣು ಇವಳ ಕೈಯನ್ನೇ ನೋಡುತ್ತಿದ್ದವು, ಕಚೇರಿಯ ಕಿಟಕಿಯಲ್ಲಿ ಬಡವರು ಸಾಹೇಬರ ಕೈ ನೋಡುವ ಹಾಗೆ.

'ಶಾಶ್ವತವಾಗಿ ಅಳಿಸಬೇಕೇ?' ಎಂದು ಕೇಳಿತು ಫೋನು.

"ಹೋಗ್ರಿ," ಅಂದಳು ಶಿವಗಂಗಾ. "ನಿಮ್ಮ ಮಗಳ ಮನಿ ಹತ್ರನೇ ಅದ. ಅಕಿ ಬಾಗಿಲ ತಗದು ಕುಂತಾಳ. ನಿಮ್ಮ ಮಾರಿ ನೋಡಿದ್ರ ಅಳೋದು ಬಿಡ್ತಾಳ, ಹೋಗ್ರಿ."

ಅವ್ವನ ಮುಖ ಅರಳಿತು. ಇವಳು ಹೌದು ಒತ್ತಿದಳು.